ನೀಲಿ ಪರದೆ ಬಂತಾ? ಫಾರ್ಮ್ಯಾಟ್ ಹೊಡೆಸುವ ಮೊದಲು ಡಂಪ್ ಫೈಲ್ ನೋಡಿ

ಸಾಗರದಲ್ಲಿ ನಮ್ಮ ಭಾವನ ಡಿಟಿಪಿ ಅಂಗಡಿ ಇದೆ. ಒಂದು ಮದುವೆ ಸೀಸನ್ನಿನಲ್ಲಿ ಅವರ ಕಂಪ್ಯೂಟರ್ ದಿನಕ್ಕೆ ಎರಡು ಮೂರು ಸಲ ನೀಲಿ ಪರದೆ ತೋರಿಸಿ ತಾನೇ ರೀಸ್ಟಾರ್ಟ್ ಆಗತೊಡಗಿತು. ರಿಪೇರಿಯವರು ಬಂದರು, ಫಾರ್ಮ್ಯಾಟ್ ಹೊಡೆದರು, ವಿಂಡೋಸ್ ಹೊಸದಾಗಿ ಹಾಕಿದರು. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಕಥೆ, ಮತ್ತೆ ಫಾರ್ಮ್ಯಾಟ್. ಎರಡನೇ ಸಲ ಬ್ಯಾಕಪ್ ಸರಿಯಾಗಿ ತೆಗೆಯಲಿಲ್ಲ. ವರ್ಷಗಟ್ಟಲೆ ಕೂಡಿಟ್ಟ ನುಡಿ ಫೈಲುಗಳು, ಕರೆಯೋಲೆ ಡಿಸೈನುಗಳು ಎಲ್ಲ ಹೋದವು.

ಮೂರನೇ ಸಲ ಭಾವ ನನಗೆ ಫೋನ್ ಮಾಡಿದರು. "ಮಾರಾಯ, ಮತ್ತೆ ಫಾರ್ಮ್ಯಾಟ್ ಮಾಡಬೇಕು ಅಂತಿದ್ದಾರೆ, ಏನು ಮಾಡಲಿ?" ಅಂದರು. "ಭಾವ, ಸದ್ಯಕ್ಕೆ ಯಾರ ಕೈಗೂ ಕೊಡಬೇಡಿ. ವಿಂಡೋಸ್ ಫೋಲ್ಡರಿನೊಳಗೆ ಮಿನಿಡಂಪ್ ಅಂತ ಒಂದು ಫೋಲ್ಡರ್ ಇದೆ, ಅದನ್ನು ಕಾಪಿ ಮಾಡಿ ಕಳಿಸಿ" ಅಂದೆ. ಐದು ಫೈಲ್ ಬಂದವು. ಆ ಐದು ಫೈಲಿನಲ್ಲಿ ಉತ್ತರ ಇತ್ತು. ಮೊದಲ ಫಾರ್ಮ್ಯಾಟಿಗೂ ಮುಂಚೆ ಯಾರಾದರೂ ಹತ್ತು ನಿಮಿಷ ಕೂತು ಅಂಥ ಫೈಲುಗಳನ್ನು ನೋಡಿದ್ದರೆ ಆ ನುಡಿ ಫೈಲುಗಳು ಉಳಿಯುತ್ತಿದ್ದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ, ಫೋನಿನಲ್ಲಿ ಓದಿ ಹೇಳುವ ಹಾಗೆ ಬರೆದಿದ್ದೇನೆ. ನೀವು ಕೀಬೋರ್ಡಿನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಗೊಂದಲ ಆಗುವ ಕಡೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ್ದೇನೆ.

ಡಂಪ್ ಫೈಲ್ ಹೇಗೆ ಹುಟ್ಟುತ್ತದೆ

ವಿಂಡೋಸಿನ ಒಳಗಿನ ಭಾಗ, ಅಂದರೆ ಕರ್ನಲ್, ಇನ್ನು ಮುಂದುವರಿದರೆ ಡೇಟಾ ಹಾಳಾಗುತ್ತದೆ ಅನ್ನುವ ಸ್ಥಿತಿಗೆ ಬಂದಾಗ ಎಲ್ಲವನ್ನೂ ನಿಲ್ಲಿಸುತ್ತದೆ. ಆಗ ಬರುವುದೇ ನೀಲಿ ಪರದೆ. ವಿಂಡೋಸ್ 11ರ ಹೊಸ ಅಪ್‌ಡೇಟ್ ಇದ್ದವರಿಗೆ ಅದು ಈಗ ಕಪ್ಪು ಪರದೆ. ನಿಲ್ಲಿಸುವ ಮೊದಲು ಆ ಕ್ಷಣಕ್ಕೆ ಮೆಮೊರಿಯಲ್ಲಿ ಏನಿತ್ತೋ ಅದನ್ನು ಡಿಸ್ಕಿಗೆ ಬರೆದಿಡುತ್ತದೆ. ಅದೇ ಮೆಮೊರಿ ಡಂಪ್.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದು ಗೊತ್ತಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಕ್ರ್ಯಾಶ್ ಆದ ಹೊತ್ತಿನಲ್ಲಿ ವಿಂಡೋಸಿಗೆ ತನ್ನ ಫೈಲ್ ಸಿಸ್ಟಮ್ಮನ್ನೇ ನಂಬಲು ಆಗುವುದಿಲ್ಲ. ಹಾಗಾಗಿ ಹೊಸ ಫೈಲ್ ಮಾಡಲು ಹೋಗದೆ, ಮೊದಲೇ ಡಿಸ್ಕಿನಲ್ಲಿ ಜಾಗ ಹಿಡಿದಿಟ್ಟ ಪೇಜ್ ಫೈಲಿನ ಮೇಲೆ ನೇರವಾಗಿ ಬರೆಯುತ್ತದೆ. ಪರದೆಯ ಮೇಲೆ ಸೊನ್ನೆಯಿಂದ ನೂರರವರೆಗೆ ಶೇಕಡಾ ಲೆಕ್ಕ ಓಡುತ್ತದಲ್ವಾ, ಅದು ಈ ಕೆಲಸ. ಮುಂದಿನ ಸಲ ಬೂಟ್ ಆಗುವಾಗ ಅಲ್ಲಿಂದ ತೆಗೆದು ಸರಿಯಾದ ಡಂಪ್ ಫೈಲ್ ಮಾಡುತ್ತದೆ. ಹೆಚ್ಚಿನವರು ನೀಲಿ ಪರದೆ ಕಂಡ ತಕ್ಷಣ ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿಯುತ್ತಾರೆ. ಲೆಕ್ಕ ಮೂವತ್ತಕ್ಕೆ ಬಂದಿರುವಾಗ ಹೀಗೆ ಮಾಡಿದರೆ ಡಂಪ್ ಅರ್ಧಕ್ಕೇ ನಿಲ್ಲುತ್ತದೆ, ಇಲ್ಲವೇ ಬರುವುದೇ ಇಲ್ಲ. ಆದ್ದರಿಂದ ಕಾಯಿರಿ. ನೂರಾಗಲಿ. ಮತ್ತೆ ಆನ್ ಆದ ಮೇಲೂ ಐದು ನಿಮಿಷ ಸುಮ್ನೆ ಬಿಡಿ.

ಫೈಲುಗಳು ಸಿಗುವ ಜಾಗ ಎರಡು. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲೇ 'ಮೆಮೊರಿ ಡಾಟ್ ಡಿಎಂಪಿ' ಅಂತ ಒಂದು ದೊಡ್ಡ ಫೈಲ್ ಇರುತ್ತದೆ. ಇದು ಪ್ರತಿ ಕ್ರ್ಯಾಶಿಗೂ ಹಳೆಯದರ ಮೇಲೇ ಬರೆಯಲ್ಪಡುತ್ತದೆ, ಅಂದರೆ ಕೊನೆಯದು ಮಾತ್ರ ಉಳಿಯುತ್ತದೆ. ಇನ್ನೊಂದು ಅದೇ ವಿಂಡೋಸ್ ಫೋಲ್ಡರಿನ ಒಳಗಿನ 'ಮಿನಿಡಂಪ್' ಫೋಲ್ಡರ್. ಅಲ್ಲಿ ಒಂದೊಂದು ಕ್ರ್ಯಾಶಿಗೆ ಒಂದೊಂದು ಚಿಕ್ಕ ಫೈಲ್. ಹೆಸರಿನ ಮೊದಲ ಆರು ಅಂಕಿ ತಾರೀಖು, ಆದರೆ ಅಮೆರಿಕದ ಕ್ರಮದಲ್ಲಿ: ತಿಂಗಳು, ದಿನ, ವರ್ಷ. 071924 ಅಂತ ಶುರುವಾದರೆ ಅದು 2024ರ ಜುಲೈ 19. ನನಗೆ ಈ ಚಿಕ್ಕ ಫೈಲುಗಳೇ ಇಷ್ಟ. ಒಂದರ ಬದಲು ಹತ್ತು ಕ್ರ್ಯಾಶಿನ ಸಾಕ್ಷಿ ಸಿಗುತ್ತದೆ, ಆ ಹತ್ತನ್ನು ಒಟ್ಟಿಗೆ ಇಟ್ಟು ನೋಡುವುದರಲ್ಲೇ ನಿಜವಾದ ಕೆಲಸ ಇದೆ.

ಸೆಟ್ಟಿಂಗ್ ಸರಿ ಇದೆಯಾ ನೋಡಿ

ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬಂದ ಚಿಕ್ಕ ಡಬ್ಬದಲ್ಲಿ 'ಸಿಸ್‌ಡಿಎಂ ಡಾಟ್ ಸಿಪಿಎಲ್' ಹೊಡೆಯಿರಿ: ಎಸ್, ವೈ, ಎಸ್, ಡಿ, ಎಂ, ಚುಕ್ಕಿ, ಸಿ, ಪಿ, ಎಲ್. ಅಡ್ವಾನ್ಸ್ಡ್ ಟ್ಯಾಬಿಗೆ ಹೋಗಿ, ಕೆಳಗೆ 'ಸ್ಟಾರ್ಟಪ್ ಅಂಡ್ ರಿಕವರಿ' ಅಂತ ಇರುವ ಕಡೆ ಸೆಟ್ಟಿಂಗ್ಸ್ ಒತ್ತಿ.

ಅಲ್ಲಿ ಮೂರು ಕೆಲಸ. 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಮುಂದಿನ ಟಿಕ್ ತೆಗೆಯಿರಿ, ಆಗ ನೀಲಿ ಪರದೆ ಅಲ್ಲೇ ನಿಲ್ಲುತ್ತದೆ, ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಬಹುದು. ಡಂಪಿನ ಬಗೆಯಲ್ಲಿ 'ಆಟೋಮ್ಯಾಟಿಕ್ ಮೆಮೊರಿ ಡಂಪ್' ಇರಲಿ. ವಿಂಡೋಸ್ 8ರಿಂದ ಈಚೆಗೆ ತಾನಾಗೇ ಇರುವುದು ಇದೇ. ಇದಿದ್ದರೆ ದೊಡ್ಡ ಫೈಲೂ ಬರುತ್ತದೆ, ಮಿನಿಡಂಪೂ ಬರುತ್ತದೆ. ಮೂರನೆಯದು, ಡಿಸ್ಕಿನಲ್ಲಿ ಜಾಗ ಕಡಿಮೆಯಾದಾಗ ಡಂಪ್ ತಾನೇ ಅಳಿಸಿಹೋಗದಂತೆ ತಡೆಯುವ ಒಂದು ಟಿಕ್ ಇದೆ, ಅದನ್ನು ಹಾಕಿ. ಮನೆಯ ಮತ್ತು ಅಂಗಡಿಯ ಕಂಪ್ಯೂಟರುಗಳಲ್ಲಿ ಸಿ ಡ್ರೈವಿನ ಖಾಲಿ ಜಾಗ 25 ಜಿಬಿಗಿಂತ ಕಡಿಮೆ ಇದ್ದರೆ ವಿಂಡೋಸ್ ದೊಡ್ಡ ಡಂಪನ್ನು ಇಟ್ಟುಕೊಳ್ಳದೆ ಅಳಿಸಿಬಿಡುತ್ತದೆ. ತುಂಬ ಜನ "ನಮ್ಮಲ್ಲಿ ಡಂಪೇ ಬರುವುದಿಲ್ಲ" ಅನ್ನಲು ಇದೂ ಒಂದು ಕಾರಣ.

ಇನ್ನೊಂದು, ಪೇಜ್ ಫೈಲ್ ಸಿ ಡ್ರೈವಿನಲ್ಲೇ ಇರಬೇಕು. ವೇಗ ಜಾಸ್ತಿ ಆಗುತ್ತದೆ ಅಂತ ಯಾರೋ ಹೇಳಿದ್ದು ಕೇಳಿ ಪೇಜ್ ಫೈಲ್ ಪೂರ್ತಿ ತೆಗೆದುಹಾಕಿದವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಟೂಲ್ ಹಾಕಿಕೊಳ್ಳುವುದು

ನಮಗೆ ಬೇಕಾದ ಟೂಲಿನ ಹೆಸರು ಡಂಪ್‌ಚೆಕ್. ಹೊಡೆಯುವಾಗ ಡಿ, ಯು, ಎಂ, ಪಿ, ಸಿ, ಎಚ್, ಕೆ. ಕೊನೆಯಲ್ಲಿ ಇರುವುದು ಪೂರ್ತಿ 'ಚೆಕ್' ಅಲ್ಲ, ಮೂರೇ ಅಕ್ಷರ. ಮೈಕ್ರೋಸಾಫ್ಟಿನದೇ ಟೂಲ್, ದುಡ್ಡು ಕೊಡಬೇಕಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದು ಸಿಡಿಯ ಸಪೋರ್ಟ್ ಫೋಲ್ಡರಿನೊಳಗೇ ಬರುತ್ತಿತ್ತು. ಈಗ ವಿಂಡೋಸ್ ಎಸ್‌ಡಿಕೆ, ಅಂದರೆ ಸಾಫ್ಟ್‌ವೇರ್ ಬರೆಯುವವರಿಗೆ ಮೈಕ್ರೋಸಾಫ್ಟ್ ಕೊಡುವ ಟೂಲುಗಳ ಕಟ್ಟಿನ ಜೊತೆ ಬರುತ್ತದೆ.

ಮೈಕ್ರೋಸಾಫ್ಟ್ ಸೈಟಿನಿಂದಲೇ ಎಸ್‌ಡಿಕೆ ಇನ್‌ಸ್ಟಾಲರ್ ಇಳಿಸಿಕೊಳ್ಳಿ, ಬೇರೆ ಸೈಟಿನಿಂದ ಬೇಡ. ಇನ್‌ಸ್ಟಾಲ್ ಮಾಡುವಾಗ ಒಂದು ಉದ್ದ ಪಟ್ಟಿ ಬರುತ್ತದೆ, ಎಲ್ಲಕ್ಕೂ ಟಿಕ್ ಇರುತ್ತದೆ. 'ಡಿಬಗ್ಗಿಂಗ್ ಟೂಲ್ಸ್ ಫಾರ್ ವಿಂಡೋಸ್' ಒಂದನ್ನು ಬಿಟ್ಟು ಉಳಿದ ಎಲ್ಲ ಟಿಕ್ ತೆಗೆಯಿರಿ. ಇಲ್ಲದಿದ್ದರೆ ಮೊಬೈಲ್ ಡೇಟಾದಲ್ಲಿ ಇಳಿಸುವವರಿಗೆ ಒಂದು ದಿನದ ಡೇಟಾ ಪೂರ್ತಿ ಖಾಲಿ.

ಕ್ರ್ಯಾಶ್ ಆಗುತ್ತಿರುವ ಕಂಪ್ಯೂಟರಿನಲ್ಲೇ ಇದನ್ನು ಹಾಕಬೇಕಿಲ್ಲ. ಸರಿಯಾಗಿರುವ ಇನ್ನೊಂದರಲ್ಲಿ ಹಾಕಿ, ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ತಂದು ನೋಡುವುದೇ ಒಳ್ಳೆಯದು. ಮೆಮೊರಿ ಕೆಟ್ಟ ಯಂತ್ರದಲ್ಲಿ ಕೂತು ಅದರ ಡಂಪನ್ನು ಓದುವಾಗ, ಓದುವ ಟೂಲೇ ತಪ್ಪು ಹೇಳಬಹುದು.

ಕಾಪಿ ಮಾಡಿ, ಆಮೇಲೆ ಮುಟ್ಟಿ

ವಿಂಡೋಸ್ ಫೋಲ್ಡರಿನೊಳಗಿನ ಡಂಪನ್ನು ನೇರವಾಗಿ ತೆರೆಯಲು ಹೋದರೆ 'ಆಕ್ಸೆಸ್ ಡಿನೈಡ್' ಬರುತ್ತದೆ. ಸಿ ಡ್ರೈವಿನಲ್ಲಿ 'ಡಂಪ್' ಅಂತ ಒಂದು ಫೋಲ್ಡರ್ ಮಾಡಿ, ಮಿನಿಡಂಪ್ ಫೈಲುಗಳನ್ನೆಲ್ಲ ಅಲ್ಲಿಗೆ ಕಾಪಿ ಮಾಡಿ. ಕಟ್ ಮಾಡಬೇಡಿ, ಕಾಪಿ. ಮೂಲ ಫೈಲ್ ಇದ್ದಲ್ಲೇ ಇರಲಿ.

ಬೇರೆ ಕಂಪ್ಯೂಟರಿಗೆ ಒಯ್ದಿದ್ದರೆ ಫೈಲ್ ಹಾದಿಯಲ್ಲಿ ಕೆಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಒಂದು ಸುಲಭ ದಾರಿ ಇದೆ. ಕಮಾಂಡ್ ಪ್ರಾಂಪ್ಟಿನಲ್ಲಿ 'ಸರ್ಟ್‌ಯುಟಿಲ್' (ಸಿ, ಇ, ಆರ್, ಟಿ, ಯು, ಟಿ, ಐ, ಎಲ್), ಸ್ಪೇಸ್, ಹೈಫನ್, 'ಹ್ಯಾಶ್‌ಫೈಲ್', ಸ್ಪೇಸ್, ಫೈಲಿನ ಹೆಸರು, ಸ್ಪೇಸ್, 'ಎಸ್‌ಎಚ್‌ಎ256'. ಒಂದು ಉದ್ದ ಸಂಖ್ಯೆ ಬರುತ್ತದೆ. ಎರಡೂ ಕಂಪ್ಯೂಟರಿನಲ್ಲಿ ಅದೇ ಸಂಖ್ಯೆ ಬಂದರೆ ಫೈಲ್ ಒಂದೇ. ದೊಡ್ಡ ಡಂಪನ್ನು ಹಳೆಯ ಪೆನ್‌ಡ್ರೈವಿನಲ್ಲಿ ಒಯ್ಯುವಾಗ ಇದನ್ನು ಬಿಡದೆ ಮಾಡಿ.

ಡಂಪ್‌ಚೆಕ್ ಓಡಿಸುವುದು

ಫೈಲ್ ಎಕ್ಸ್‌ಪ್ಲೋರರಿನಲ್ಲಿ ಸಿ ಡ್ರೈವ್, ಅದರೊಳಗೆ ಪ್ರೋಗ್ರಾಮ್ ಫೈಲ್ಸ್ ಎಕ್ಸ್86, ಅದರೊಳಗೆ ವಿಂಡೋಸ್ ಕಿಟ್ಸ್, 10, ಡಿಬಗ್ಗರ್ಸ್, ಎಕ್ಸ್64. ಈ ಫೋಲ್ಡರ್ ತೆರೆದು ಮೇಲಿನ ಅಡ್ರೆಸ್ ಪಟ್ಟಿಯ ಮೇಲೆ ಕ್ಲಿಕ್ ಮಾಡಿ, ಇದ್ದದ್ದನ್ನು ಅಳಿಸಿ 'ಸಿಎಂಡಿ' ಅಂತ ಹೊಡೆದು ಎಂಟರ್ ಒತ್ತಿ. ಕಪ್ಪು ಕಿಟಕಿ ಅದೇ ಫೋಲ್ಡರಿನಲ್ಲಿ ತೆರೆದುಕೊಳ್ಳುತ್ತದೆ. ಉದ್ದ ದಾರಿಯನ್ನು ಕೈಯಲ್ಲಿ ಹೊಡೆದು ತಪ್ಪು ಮಾಡುವ ಕಷ್ಟ ಇಲ್ಲ.

ಈಗ ಹೊಡೆಯಿರಿ: ಡಂಪ್‌ಚೆಕ್, ಸ್ಪೇಸ್, ಹೈಫನ್, ವೈ, ಸ್ಪೇಸ್, ಎಸ್, ಆರ್, ವಿ, ನಕ್ಷತ್ರ ಚಿಹ್ನೆ, ಸ್ಪೇಸ್. ಎಂಟರ್ ಒತ್ತಬೇಡಿ. ಆ ಡಂಪ್ ಫೋಲ್ಡರಿನಿಂದ ಒಂದು ಫೈಲನ್ನು ಮೌಸಿನಲ್ಲಿ ಹಿಡಿದು ಎಳೆದು ಕಪ್ಪು ಕಿಟಕಿಯ ಮೇಲೆ ಬಿಡಿ. ಫೈಲಿನ ಪೂರ್ತಿ ದಾರಿ ತಾನೇ ಬರೆದುಕೊಳ್ಳುತ್ತದೆ. ಈಗ ಎಂಟರ್.

ಹೈಫನ್ ವೈ ಅಂದರೆ ಸಿಂಬಲ್ ಎಲ್ಲಿ ಸಿಗುತ್ತದೆ ಅಂತ ಹೇಳುವುದು. ಡಂಪಿನಲ್ಲಿ ಇರುವುದು ಬರೀ ವಿಳಾಸದ ಸಂಖ್ಯೆಗಳು. ಯಾವ ವಿಳಾಸ ವಿಂಡೋಸಿನ ಯಾವ ಭಾಗದ್ದು ಅಂತ ಹೆಸರು ಹಚ್ಚಿಕೊಡುವ ಪಟ್ಟಿಯೇ ಸಿಂಬಲ್. ಎಸ್‌ಆರ್‌ವಿ ನಕ್ಷತ್ರ ಕೊಟ್ಟರೆ ಮೈಕ್ರೋಸಾಫ್ಟ್ ಸರ್ವರಿನಿಂದ ಬೇಕಾದಷ್ಟನ್ನು ತಾನೇ ತರಿಸಿಕೊಳ್ಳುತ್ತದೆ. ಇಂಟರ್‌ನೆಟ್ ಬೇಕು, ಮೊದಲ ಸಲ ನಿಧಾನ. ಕಿಟಕಿ ಅಲುಗಾಡದೆ ನಿಂತರೆ ಮುಚ್ಚಬೇಡಿ.

ಉತ್ತರ ಪುಟಗಟ್ಟಲೆ ಬರುತ್ತದೆ. ಅದನ್ನು ಫೈಲಿಗೆ ಹಾಕಿಕೊಳ್ಳಬೇಕಾದರೆ ಕಮಾಂಡಿನ ಕೊನೆಗೆ ಸ್ಪೇಸ್, ದೊಡ್ಡದು-ಚಿಕ್ಕದು ಲೆಕ್ಕದಲ್ಲಿ ಬಳಸುವ 'ದೊಡ್ಡದು' ಚಿಹ್ನೆ, ಆಮೇಲೆ ನಿಮ್ಮ ಡಂಪ್ ಫೋಲ್ಡರಿನ ದಾರಿ ಮತ್ತು ಒಂದು ಹೆಸರು. ದಾರಿ ಕೊಡದೆ ಬರೀ ಹೆಸರು ಕೊಟ್ಟರೆ ಪ್ರೋಗ್ರಾಮ್ ಫೈಲ್ಸ್ ಒಳಗೆ ಬರೆಯಲು ಹೋಗಿ ಅನುಮತಿ ಇಲ್ಲ ಅನ್ನುತ್ತದೆ.

ಬಂದದ್ದನ್ನು ಓದುವುದು

ಎಲ್ಲ ಸಾಲೂ ಅರ್ಥ ಆಗಬೇಕಿಲ್ಲ. ನಾನು ನೋಡುವ ಕ್ರಮ ಹೇಳುತ್ತೇನೆ.

ಮೊದಲು ನೇರ ಕೊನೆಗೆ ಹೋಗಿ. 'ಫಿನಿಶ್ಡ್ ಡಂಪ್ ಚೆಕ್' ಅಂತ ಇದೆಯಾ? ಇದ್ದರೆ ಟೂಲ್ ಕೊನೆಯವರೆಗೆ ಓದಿದೆ. ಆದರೆ ಅಷ್ಟಕ್ಕೇ ಫೈಲ್ ಸರಿ ಇದೆ ಅನ್ನಬೇಡಿ, ನಡುವೆ ಎಚ್ಚರಿಕೆ ಇರಬಹುದು.

ಆಮೇಲೆ ಮೇಲೆ ಬನ್ನಿ. ಇದು ಯಾವ ಬಗೆಯ ಡಂಪ್ ಅಂತ ಒಂದು ಸಾಲು ಇರುತ್ತದೆ. 'ಮಿನಿ ಕರ್ನಲ್ ಡಂಪ್ ಫೈಲ್' ಅಂತ ಇದ್ದು, ರಿಜಿಸ್ಟರ್ ಮತ್ತು ಸ್ಟ್ಯಾಕ್ ಟ್ರೇಸ್ ಮಾತ್ರ ಸಿಗುತ್ತವೆ ಅಂದರೆ ಅದು ಮಿನಿಡಂಪ್, ಸರಿಯಾಗೇ ಇದೆ. 'ಯೂಸರ್ ಮಿನಿ ಡಂಪ್' ಅಂತ ಬಂದರೆ ನೀವು ತಂದಿರುವುದು ವಿಂಡೋಸ್ ಕ್ರ್ಯಾಶಿನದಲ್ಲ, ಯಾವುದೋ ಒಂದು ಪ್ರೋಗ್ರಾಮ್ ಮಾತ್ರ ಬಿದ್ದಾಗಿನ ಫೈಲ್. ನೀಲಿ ಪರದೆಗೂ ಅದಕ್ಕೂ ಸಂಬಂಧ ಇಲ್ಲ.

ಅದರ ಕೆಳಗೆ ವಿಂಡೋಸ್ ಆವೃತ್ತಿ, ಎಷ್ಟು ಪ್ರೊಸೆಸರ್, ಡಿಬಗ್ ಸೆಷನ್ ಟೈಮ್, ಸಿಸ್ಟಮ್ ಅಪ್‌ಟೈಮ್. ಈ ಕೊನೆಯ ಎರಡನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೊದಲನೆಯದು ಕ್ರ್ಯಾಶ್ ಆದ ಹೊತ್ತು. ಎರಡನೆಯದು ಆನ್ ಮಾಡಿದ ಎಷ್ಟು ಹೊತ್ತಿಗೆ ಕ್ರ್ಯಾಶ್ ಆಯಿತು ಅನ್ನುವುದು. ಪ್ರತಿ ಸಲವೂ ಆನ್ ಆದ ಎರಡು ನಿಮಿಷದೊಳಗೆ ಬೀಳುತ್ತಿದ್ದರೆ ಬೂಟ್ ಆಗುವಾಗ ಶುರುವಾಗುವ ಯಾವುದೋ ಡ್ರೈವರ್ (ಕರ್ನಲ್ ಜೊತೆ ಸೇರಿ ಕೆಲಸ ಮಾಡುವ ಸಾಫ್ಟ್‌ವೇರ್) ಮೇಲೆ ಕಣ್ಣಿಡಬೇಕು. ಗಂಟೆಗಟ್ಟಲೆ ಓಡಿದ ಮೇಲೆ, ಅದೂ ಮಧ್ಯಾಹ್ನದ ಸೆಕೆಯಲ್ಲೇ ಬಿದ್ದರೆ ಬಿಸಿ, ಫ್ಯಾನು, ಧೂಳು ಇವನ್ನು ಮೊದಲು ನೋಡಬೇಕು. ಇಷ್ಟು ಸಣ್ಣ ಮಾಹಿತಿಯಿಂದಲೇ ಎಷ್ಟೋ ಸಲ ದಾರಿ ಸಿಕ್ಕಿದೆ, ಆದರೂ ಜನ ಈ ಎರಡು ಸಾಲನ್ನು ದಾಟಿ ಹೋಗಿಬಿಡುತ್ತಾರೆ.

ಇನ್ನು ಬಗ್‌ಚೆಕ್ ಕೋಡ್, ಅಂದರೆ ವಿಂಡೋಸ್ ಯಾಕೆ ನಿಂತಿತು ಅಂತ ಹೇಳುವ ಕೋಡ್. ಸೊನ್ನೆ-ಎಕ್ಸ್ ಹಾಕಿಯೋ ಹಾಕದೆಯೋ ಒಂದು ಸಂಖ್ಯೆ, ಅದರ ಜೊತೆ ನಾಲ್ಕು ಉದ್ದ ಸಂಖ್ಯೆಗಳು. ಕೋಡನ್ನೂ ನಾಲ್ಕು ಸಂಖ್ಯೆಗಳನ್ನೂ ಹಾಗೇ ಬರೆದುಕೊಳ್ಳಿ.

ಫೈಲೇ ಕೆಟ್ಟಿದ್ದರೆ

ಡಂಪ್‌ಚೆಕ್ ಇರುವುದೇ ಮುಖ್ಯವಾಗಿ ಇದಕ್ಕೆ. ಕೆಟ್ಟ ಫೈಲನ್ನು ಇಟ್ಟುಕೊಂಡು ಗಂಟೆಗಟ್ಟಲೆ ವಿಶ್ಲೇಷಣೆ ಮಾಡಿ ತಪ್ಪು ಭಾಗ ಬದಲಾಯಿಸುವುದಕ್ಕಿಂತ, ಮೊದಲೇ ಗೊತ್ತಾದರೆ ಒಳ್ಳೆಯದು ಅಲ್ವಾ?

'ಡಂಪ್ ಫೈಲ್ ಹ್ಯಾಸ್ ಬೀನ್ ಟ್ರಂಕೇಟೆಡ್' ಅಂತ ಎಚ್ಚರಿಕೆ ಬಂದರೆ ಫೈಲಿನ ಬಾಲ ತುಂಡಾಗಿದೆ. ಪವರ್ ಬಟನ್ ಒತ್ತಿರಬಹುದು, ಡಿಸ್ಕಿನಲ್ಲಿ ಜಾಗ ಮುಗಿದಿರಬಹುದು, ಕಾಪಿ ಅರ್ಧಕ್ಕೆ ನಿಂತಿರಬಹುದು. ಮೊದಲು ಮತ್ತೊಮ್ಮೆ ಕಾಪಿ ಮಾಡಿ ನೋಡಿ, ಆಮೇಲೆ ಉಳಿದದ್ದು.

'ಕುಡ್ ನಾಟ್ ಮ್ಯಾಚ್ ಡಂಪ್ ಫೈಲ್ ಸಿಗ್ನೇಚರ್' ಅಂತ ಬಂದರೆ ಫೈಲಿನ ತಲೆಯೇ ಸರಿಯಿಲ್ಲ. 64 ಬಿಟ್ ವಿಂಡೋಸಿನ ಡಂಪ್ 'ಪೇಜ್' ಮತ್ತು 'ಡಿಯು64' ಅನ್ನುವ ಅಕ್ಷರಗಳಿಂದ ಶುರುವಾಗಬೇಕು, 32 ಬಿಟ್ಟಿನದು 'ಪೇಜ್', 'ಡಂಪ್' ಅಂತ. ಅದಿಲ್ಲ ಅಂದರೆ ಅದು ಡಂಪೇ ಅಲ್ಲ, ಅಥವಾ ಪೂರ್ತಿ ಹಾಳಾಗಿದೆ. ಝಿಪ್ ಫೈಲನ್ನು ಬಿಚ್ಚದೆ ಹೆಸರು ಮಾತ್ರ ಬದಲಾಯಿಸಿ ಕಳಿಸಿದವರ ಫೈಲಿನಲ್ಲೂ ಹೀಗೇ ಬರುತ್ತದೆ.

'ಕರ್ನಲ್ ಸಿಂಬಲ್ಸ್ ಆರ್ ರಾಂಗ್' ಅಂದರೆ ಫೈಲ್ ಸರಿ ಇದೆ, ಸಿಂಬಲ್ ಬಂದಿಲ್ಲ. ಇಂಟರ್‌ನೆಟ್ ನೋಡಿ, ಎಸ್‌ಆರ್‌ವಿ ನಂತರದ ನಕ್ಷತ್ರ ಬಿಟ್ಟುಹೋಗಿದೆಯಾ ನೋಡಿ. ಇನ್ನೊಂದು, ಯಾವುದೋ ಡ್ರೈವರಿನ ಹೆಸರು ಹೇಳಿ 'ಅನೇಬಲ್ ಟು ವೆರಿಫೈ ಟೈಮ್‌ಸ್ಟ್ಯಾಂಪ್' ಅಂತ ಬರಬಹುದು. ಇದನ್ನು ಕಂಡು ಆ ಡ್ರೈವರೇ ಕಳ್ಳ ಅಂತ ತೀರ್ಮಾನಿಸಬೇಡಿ. ಬೇರೆ ಕಂಪನಿಯ ಡ್ರೈವರಿಗೆ ಮೈಕ್ರೋಸಾಫ್ಟ್ ಸರ್ವರಿನಲ್ಲಿ ಸಿಂಬಲ್ ಇಲ್ಲದಿದ್ದಾಗ ಇದು ಸಾಮಾನ್ಯ.

ಫೈಲ್ ಸರಿ ಇದೆ, ಈಗ ಒಳಗೆ ಹೋಗೋಣ

ಡಂಪ್‌ಚೆಕ್ ಬಾಗಿಲಿನವರೆಗೆ ಕರೆದೊಯ್ಯುತ್ತದೆ. ಒಳಗಿನದನ್ನು ಕೇಳಲು ಅದೇ ಫೋಲ್ಡರಿನಲ್ಲಿ 'ಕೆಡಿ' ಅಂತ ಇನ್ನೊಂದು ಟೂಲ್ ಇದೆ. ಕೆಡಿ, ಸ್ಪೇಸ್, ಹೈಫನ್, ಝಡ್, ಸ್ಪೇಸ್ ಹೊಡೆದು ಫೈಲನ್ನು ಎಳೆದು ಬಿಟ್ಟು ಎಂಟರ್ ಒತ್ತಿ. ಕೆಳಗೆ 'ಕೆಡಿ' ಅಂತ ತೋರಿಸಿ ನಿಮ್ಮ ಮಾತಿಗೆ ಕಾಯುತ್ತದೆ.

ಚುಕ್ಕಿ ಇಟ್ಟು, ಜಾಗ ಬಿಡದೆ 'ಸಿಮ್‌ಫಿಕ್ಸ್' (ಎಸ್, ವೈ, ಎಂ, ಎಫ್, ಐ, ಎಕ್ಸ್), ಎಂಟರ್. ಚುಕ್ಕಿ ಇಟ್ಟು 'ರೀಲೋಡ್', ಎಂಟರ್. ಆಮೇಲೆ ಆಶ್ಚರ್ಯಸೂಚಕ ಚಿಹ್ನೆ ಇಟ್ಟು 'ಅನಲೈಝ್', ಸ್ಪೇಸ್, ಹೈಫನ್, ವಿ, ಎಂಟರ್. ಇಲ್ಲಿ ಅನಲೈಝ್‌ಗೆ ಝಡ್ ಬೇಕು. ನಾವು ಶಾಲೆಯಲ್ಲಿ ಕಲಿತ ಎಸ್ ಹಾಕಿದರೆ ಕಮಾಂಡ್ ಸಿಗುವುದಿಲ್ಲ. ಮುಗಿದ ಮೇಲೆ ಹೊರಬರಲು ಕ್ಯೂ ಹೊಡೆಯಿರಿ.

ಬಂದದ್ದರಲ್ಲಿ ನೋಡಬೇಕಾದವು: ಬಗ್‌ಚೆಕ್ ಕೋಡ್, ಪ್ರೊಸೆಸ್ ನೇಮ್ (ಆಗ ಓಡುತ್ತಿದ್ದ ಪ್ರೋಗ್ರಾಮ್), ಮಾಡ್ಯೂಲ್ ನೇಮ್, ಇಮೇಜ್ ನೇಮ್, ಸ್ಟ್ಯಾಕ್ ಟೆಕ್ಸ್ಟ್ (ಕ್ರ್ಯಾಶಿನವರೆಗೆ ಯಾವುದು ಯಾವುದನ್ನು ಕರೆಯಿತು ಅನ್ನುವ ಪಟ್ಟಿ). ಇಮೇಜ್ ನೇಮ್ ಅಂದರೆ ಟೂಲಿನ ಅನುಮಾನ ಯಾರ ಮೇಲೆ ಅನ್ನುವುದು. ಅನುಮಾನ ಅಷ್ಟೇ, ತೀರ್ಪಲ್ಲ. ಅಲ್ಲಿ ಎನ್‌ಟಿಕೆಆರ್‌ಎನ್‌ಎಲ್ ಅಂತ ಶುರುವಾಗುವ ಹೆಸರಿದ್ದರೆ ಅದು ವಿಂಡೋಸಿನ ಕರ್ನಲ್. ಬೇರೆ ಯಾರೋ ಮಾಡಿದ ಗಾಯ ಅದರ ಮೈಮೇಲೆ ಕಾಣುತ್ತಿದೆ ಅಂತಲೇ ಹೆಚ್ಚಿನ ಸಲ ಅರ್ಥ. "ಕರ್ನಲ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಿ" ಅನ್ನುವುದು ಇಲ್ಲಿಂದಲೇ ಶುರುವಾಗುವುದು. ಎನ್‌ವಿಎಲ್‌ಡಿಡಿಎಂಕೆಎಂ ಅಂತಿದ್ದರೆ ಎನ್ವಿಡಿಯಾ ಗ್ರಾಫಿಕ್ಸ್ ಡ್ರೈವರ್. ಗೊತ್ತಿಲ್ಲದ ಹೆಸರು ಬಂದರೆ, ಕೆಡಿ ಒಳಗೇ 'ಎಲ್‌ಎಂವಿಎಂ', ಸ್ಪೇಸ್, ಆ ಮಾಡ್ಯೂಲಿನ ಹೆಸರು ಹೊಡೆಯಿರಿ. ಅದರ ಫೈಲ್ ದಾರಿ ಮತ್ತು ತಾರೀಖು ತೋರಿಸುತ್ತದೆ. ಬೇರೆ ಕಂಪನಿಯ ಡ್ರೈವರಿನ ತಾರೀಖು ಏಳೆಂಟು ವರ್ಷ ಹಳೆಯದಾಗಿದ್ದರೆ ಅದನ್ನೇ ಮೊದಲು ಅಪ್‌ಡೇಟ್ ಮಾಡಿ. ವಿಂಡೋಸಿನ ಸ್ವಂತ ಫೈಲುಗಳಲ್ಲಿ ಆ ಜಾಗದಲ್ಲಿ ತಾರೀಖಿನ ಬದಲು ಹ್ಯಾಶ್ ಇರುವುದುಂಟು, ಗಾಬರಿ ಬೇಡ.

ಒಂದೇ ಕೋಡ್, ಎರಡು ಕಾರಣ

ನಾನು ಜಾಸ್ತಿ ಒತ್ತಿ ಹೇಳಬೇಕಾದ್ದು ಇದನ್ನೇ. ಕೋಡ್ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ.

ಭಾವನ ಐದು ಫೈಲಿನಲ್ಲಿ ಎರಡರಲ್ಲಿ 1ಎ ಕೋಡ್, ಎರಡರಲ್ಲಿ 50, ಒಂದರಲ್ಲಿ 3ಬಿ. ಅನುಮಾನದ ಹೆಸರೂ ಒಂದೇ ಅಲ್ಲ: ಒಮ್ಮೆ ಫೈಲ್ ಸಿಸ್ಟಮ್, ಒಮ್ಮೆ ಗ್ರಾಫಿಕ್ಸ್, ಎರಡು ಸಲ ಕರ್ನಲ್, ಒಂದರಲ್ಲಿ ಹೆಸರಿನ ಜಾಗದಲ್ಲಿ 'ಮೆಮೊರಿ ಕರಪ್ಷನ್' ಅಂತಲೇ ಇತ್ತು. ಒಂದು ಡ್ರೈವರ್ ಕೆಟ್ಟಿದ್ದರೆ ಅದೇ ಹೆಸರು ಮತ್ತೆ ಮತ್ತೆ ಬರಬೇಕು. ಊರಿನವರೆಲ್ಲ ಒಬ್ಬೊಬ್ಬರಾಗಿ ಸಿಕ್ಕಿಬೀಳುತ್ತಿದ್ದಾರೆ ಅಂದರೆ ಅವರು ನಿಂತ ನೆಲವೇ ಸರಿಯಿಲ್ಲ. ರ‍್ಯಾಮ್ ಎರಡು ಕಡ್ಡಿ ಇದ್ದವು, ಒಂದೊಂದನ್ನೇ ಬಿಟ್ಟು ರಾತ್ರಿಯಿಡೀ ಮೆಮೊರಿ ಟೆಸ್ಟ್ ಓಡಿಸಲು ಹೇಳಿದೆ. ಎರಡನೇ ಕಡ್ಡಿಯಲ್ಲಿ ಬೆಳಗ್ಗೆ ಪರದೆ ತುಂಬ ತಪ್ಪುಗಳು. ಆ ಕಡ್ಡಿ ತೆಗೆದಿಟ್ಟರು, ಅಷ್ಟೇ. ಎರಡು ಫಾರ್ಮ್ಯಾಟಿನಿಂದ ಇದು ಸರಿಯಾಗಲು ಸಾಧ್ಯವೇ ಇರಲಿಲ್ಲ.

ಈಗ ಅದೇ 50 ಕೋಡಿನ ಇನ್ನೊಂದು ಮುಖ ನೋಡಿ. 2024ರ ಜುಲೈ 19ರಂದು ಪ್ರಪಂಚದಾದ್ಯಂತ ನೀಲಿ ಪರದೆ ಬಂತಲ್ಲ, ಮೈಕ್ರೋಸಾಫ್ಟ್ ಅಂದಾಜಿನಲ್ಲಿ 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು, ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಜನ ಚೆಕ್-ಇನ್‌ಗೆ ಕಾಯುತ್ತಾ ನಿಂತರು. ಆ ಡಂಪುಗಳಲ್ಲೂ 50. ಆದರೆ ಅಲ್ಲಿ ಯಾವ ಊರಿನ ಯಾವ ಯಂತ್ರದ ಡಂಪ್ ತೆರೆದರೂ ಹೆಸರು ಒಂದೇ: ಸಿಎಸ್‌ಏಜೆಂಟ್, ಕ್ರೌಡ್‌ಸ್ಟ್ರೈಕ್ ಭದ್ರತಾ ಸಾಫ್ಟ್‌ವೇರಿನ ಡ್ರೈವರ್. ಹೊಸ ಅಪ್‌ಡೇಟ್ 21 ಮಾಹಿತಿ ಸಿಗುತ್ತದೆ ಅಂದುಕೊಂಡಿತ್ತು, ಕೊಡುವ ಕಡೆ ಇದ್ದದ್ದು 20. ಇಪ್ಪತ್ತೊಂದನೆಯದನ್ನು ಓದಲು ಹೋದಾಗ ತನ್ನದಲ್ಲದ ಮೆಮೊರಿಗೆ ಕೈಹಾಕಿದಂತಾಯಿತು. ರ‍್ಯಾಮ್ ಬದಲಾಯಿಸಿದ್ದರೆ ಅಲ್ಲಿ ಏನೂ ಪ್ರಯೋಜನ ಇರಲಿಲ್ಲ.

ಹಾಗಾಗಿ ಕನಿಷ್ಠ ಮೂರು ಡಂಪ್ ತೆರೆಯಿರಿ. ಕೋಡ್, ಹೆಸರು, ಅಪ್‌ಟೈಮ್, ಪ್ರೊಸೆಸ್ ಇಷ್ಟನ್ನು ಹಾಳೆಯ ಮೇಲೆ ಸಾಲಾಗಿ ಬರೆಯಿರಿ. ಏನು ಮತ್ತೆ ಮತ್ತೆ ಬರುತ್ತಿದೆ ಅದು ಮುಖ್ಯ.

ಉಳಿದ ಕೆಲವು ಕೋಡ್ ಚುಟುಕಾಗಿ. 124 ಬಂದರೆ ಹಾರ್ಡ್‌ವೇರೇ ತಪ್ಪು ವರದಿ ಮಾಡಿದೆ. ಬಿಸಿ, ಪವರ್ ಸಪ್ಲೈ, ಓವರ್‌ಕ್ಲಾಕ್ ನೋಡಿ. ಡಿ1 ಬಂದರೆ ಡ್ರೈವರ್, ನನ್ನ ಅನುಭವದಲ್ಲಿ ನೆಟ್‌ವರ್ಕಿನದು ಜಾಸ್ತಿ. 116 ಗ್ರಾಫಿಕ್ಸ್ ಕಡೆಯದು. 9ಎಫ್ ಸ್ಲೀಪಿಗೆ ಹೋಗುವಾಗ ಅಥವಾ ಏಳುವಾಗ ಬರುತ್ತದೆ. 7ಬಿ ಬಂದರೆ ಬೂಟ್ ಆಗುವ ಡಿಸ್ಕೇ ಸಿಗುತ್ತಿಲ್ಲ. ಬಯಾಸಿನಲ್ಲಿ (ವಿಂಡೋಸಿಗೂ ಮೊದಲು ಓಡುವ, ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಡಿಸ್ಕ್ ಸೆಟ್ಟಿಂಗ್ ಯಾರಾದರೂ ಬದಲಾಯಿಸಿದ್ದಾರಾ ಕೇಳಿ.

ಡಂಪೇ ಬರದಿದ್ದರೆ

ವಿಂಡೋಸ್ ನಡೆದದ್ದನ್ನೆಲ್ಲ ಬರೆದಿಡುವ ಈವೆಂಟ್ ವ್ಯೂಅರ್ ತೆರೆದು ಸಿಸ್ಟಮ್ ಲಾಗ್ ನೋಡಿ. ಬಗ್‌ಚೆಕ್ ಹೆಸರಿನ, 1001 ನಂಬರಿನ ಈವೆಂಟ್ ಇದ್ದರೆ ಕ್ರ್ಯಾಶ್ ಆಗಿದೆ, ಫೈಲ್ ಎಲ್ಲಿದೆ ಅಂತಲೂ ಅದರಲ್ಲೇ ಬರೆದಿರುತ್ತದೆ. ವಾಲ್ಯೂಮ್ ಮ್ಯಾನೇಜರಿನ 161 ಇದ್ದರೆ ಡಂಪ್ ಬರೆಯಲು ಹೋಗಿ ಸೋತಿದೆ. ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಮೇಲೇ ಅನುಮಾನ ಪಡಿ. ಬರೀ ಕರ್ನಲ್-ಪವರ್ 41 ಇದ್ದು ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಸೊನ್ನೆ ಇದ್ದರೆ, ವಿಂಡೋಸ್ ಕ್ರ್ಯಾಶೇ ಆಗಿಲ್ಲದಿರಬಹುದು. ಹೆಚ್ಚಾಗಿ ಕರೆಂಟು ಹೋಗಿದೆ, ಯುಪಿಎಸ್ ಬ್ಯಾಟರಿ ಸತ್ತಿದೆ, ಇಲ್ಲವೇ ಎಸ್‌ಎಂಪಿಎಸ್ (ಕಂಪ್ಯೂಟರಿನ ಒಳಗಿನ ಪವರ್ ಸಪ್ಲೈ ಡಬ್ಬ) ಕೈಕೊಟ್ಟಿದೆ. ಮಲೆನಾಡಿನ ಮಳೆಗಾಲದಲ್ಲಿ ನನಗೆ ಬರುವ "ತಾನೇ ರೀಸ್ಟಾರ್ಟ್ ಆಗುತ್ತದೆ" ದೂರುಗಳಲ್ಲಿ ಅರ್ಧ ಇಂಥವೇ. ಇಲ್ಲಿ ಡಂಪ್ ಹುಡುಕುವುದು ಬಿಟ್ಟು ಯುಪಿಎಸ್ ಪರೀಕ್ಷೆ ಮಾಡಿ.

ಬೇರೆಯವರಿಗೆ ಕಳಿಸುವಾಗ

ಡಂಪ್ ಅಂದರೆ ಆ ಕ್ಷಣದ ಮೆಮೊರಿ. 'ಕಂಪ್ಲೀಟ್ ಡಂಪ್' ಆದರೆ ಆಗ ತೆರೆದಿದ್ದ ಪಾಸ್‌ವರ್ಡ್, ಗಿರಾಕಿಗಳ ಆಧಾರ್ ಪ್ರತಿ, ಬ್ಯಾಂಕ್ ಪುಟ ಯಾವುದು ಬೇಕಾದರೂ ಅದರೊಳಗೆ ಇರಬಹುದು. ಡಿಟಿಪಿ, ಝೆರಾಕ್ಸ್ ಅಂಗಡಿಯವರು, ಸೊಸೈಟಿಯವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಗೊತ್ತಿಲ್ಲದವರಿಗೆ ದೊಡ್ಡ ಡಂಪ್ ಕಳಿಸಬೇಡಿ. ಮಿನಿಡಂಪ್ ಸಾಕು. ಅದರಲ್ಲೂ ಕಂಪ್ಯೂಟರಿನ ಒಂದಿಷ್ಟು ವಿವರ ಇರುತ್ತದೆ, ಹಾಗಾಗಿ ನಂಬಿಕೆ ಇರುವವರಿಗೆ ಮಾತ್ರ. ಝಿಪ್ ಮಾಡಿ ಕಳಿಸಿ, ಜೊತೆಗೆ ನಿಮ್ಮ ಹಾಳೆಯಲ್ಲಿ ಬರೆದುಕೊಂಡ ಪಟ್ಟಿಯ ಫೋಟೋ ಇರಲಿ.

ರಿಪೇರಿ ಆದ ಮೇಲೆ ಮಿನಿಡಂಪ್ ಫೋಲ್ಡರಿನಲ್ಲಿರುವ ಹಳೆಯ ಫೈಲುಗಳನ್ನು ಬೇರೆ ಕಡೆ ಸರಿಸಿ ಫೋಲ್ಡರ್ ಖಾಲಿ ಮಾಡಿ. ಎರಡು ವಾರ ಎಂದಿನಂತೆ ಕೆಲಸ ಮಾಡಿ, ಆಮೇಲೆ ತೆರೆದು ನೋಡಿ. ಹೊಸ ಫೈಲ್ ಇದ್ದರೆ ಮತ್ತೆ ಡಂಪ್‌ಚೆಕ್‌ನಿಂದ ಶುರು ಮಾಡಬೇಕು. ಭಾವನ ಕಂಪ್ಯೂಟರಿನಲ್ಲಿ ಆ ಫೋಲ್ಡರ್ ಇವತ್ತಿಗೂ ಖಾಲಿ ಇದೆ. ಹೊಸ ಕಡ್ಡಿ ಹಾಕಿಸಿದ ಮೇಲೆ ಎರಡು ಮದುವೆ ಸೀಸನ್ ಕಳೆದಿವೆ.